ತಾನೇ ಬರೆದ ನಕ್ಷೆ, ತಾನೇ ಹಿಡಿದ ಚುಕ್ಕಾಣಿ: ಎಮಿಲ್ ಲೆವಾಸೋರ್ ಸ್ಮರಣೆ

(ದತ್ತಿ ಉಪನ್ಯಾಸದ ಮುದ್ರಿತ ಪಾಠ)



ತಂತ್ರಜ್ಞಾನದ ಚರಿತ್ರೆಯಿಂದ ಒಬ್ಬರ ಕೆಲಸವನ್ನು ಆರಿಸಿಕೊಂಡು, ಆ ವಿಷಯ ಓದದವರಿಗೂ ತಿಳಿಯುವಂತೆ ಕನ್ನಡದಲ್ಲಿ ಹೇಳಬೇಕು ಎಂಬುದು ಈ ದತ್ತಿಯ ಆಶಯ. ಆ ಆಶಯಕ್ಕೆ ತಲೆಬಾಗಿ ಇಂದು ನಾನು ಫ್ರಾನ್ಸಿನ ಎಂಜಿನಿಯರ್ ಎಮಿಲ್ ಲೆವಾಸೋರ್ ಅವರ ಬಗ್ಗೆ ಮಾತನಾಡುತ್ತೇನೆ.

ಮೋಟಾರು ಕಾರಿನ ಕಥೆ ಬಂದಾಗ ಬೆಂಜ್, ಡೈಮ್ಲರ್, ಫೋರ್ಡ್ ಎಂಬ ಹೆಸರುಗಳು ತಾವಾಗಿಯೇ ನಾಲಿಗೆಗೆ ಬರುತ್ತವೆ. ಲೆವಾಸೋರ್ ಹೆಸರು ನಮ್ಮಲ್ಲಿ ಅಪರೂಪ. ಆದರೆ ಎಂಜಿನ್ ಮುಂದೆ, ಅದರ ಹಿಂದೆ ಕ್ಲಚ್, ಕ್ಲಚ್ಚಿನ ಹಿಂದೆ ಗೇರ್‌ಬಾಕ್ಸ್, ಕೊನೆಗೆ ಹಿಂದಿನ ಚಕ್ರಗಳಿಗೆ ಶಕ್ತಿ ಎಂಬ ಏರ್ಪಾಡನ್ನು ಕಾರಿಗೆ ಕೊಟ್ಟವರು ಅವರು. 1895ರಲ್ಲಿ ಆ ಏರ್ಪಾಡಿನ ಕಾರನ್ನು 1,178 ಕಿಲೋಮೀಟರ್ ದೂರ, ಎರಡು ಹಗಲು ಎರಡು ರಾತ್ರಿ ತಾವೇ ಓಡಿಸಿ ಎಲ್ಲರಿಗಿಂತ ಮೊದಲು ಗುರಿ ಮುಟ್ಟಿದವರೂ ಅವರೇ. ನಕ್ಷೆ ಬರೆದದ್ದು ಮತ್ತು ಚುಕ್ಕಾಣಿ ಹಿಡಿದದ್ದು, ಇವು ಎರಡು ಕೆಲಸಗಳಲ್ಲ, ಒಂದೇ ಕೆಲಸದ ಎರಡು ಭಾಗಗಳು ಎನ್ನುವುದೇ ನನ್ನ ಇಂದಿನ ಮಾತಿನ ತಿರುಳು.

ಗರಗಸದ ಕಾರ್ಖಾನೆಯಿಂದ

ಲೆವಾಸೋರ್ ಹುಟ್ಟಿದ್ದು 1843ರ ಜನವರಿ 21ರಂದು, ಪ್ಯಾರಿಸ್ಸಿನ ದಕ್ಷಿಣಕ್ಕಿರುವ ಮರೋಲ್ ಎಂಬ ಊರಿನಲ್ಲಿ. ಓದಿದ್ದು ಪ್ಯಾರಿಸ್ಸಿನ ಹೆಸರಾಂತ ಎಂಜಿನಿಯರಿಂಗ್ ಶಾಲೆ ಎಕೋಲ್ ಸಾಂತ್ರಾಲ್‌ನಲ್ಲಿ. ಅಲ್ಲಿ ರೆನೆ ಪನಾರ್ ಅವರ ಪರಿಚಯವಾಯಿತು. ಓದು ಮುಗಿಸಿ ಬೆಲ್ಜಿಯಂನ ಸೆರಾಂಗ್‌ನಲ್ಲಿದ್ದ ಕಾಕೆರಿಲ್ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದಾಗ ಎಡುವಾರ್ ಸರಾಜಾನ್ ಎಂಬ ಇನ್ನೊಬ್ಬ ಗೆಳೆಯರು ಸಿಕ್ಕರು. ಈ ಎರಡು ಸ್ನೇಹಗಳು ಮುಂದೆ ಅವರ ಬದುಕಿನ ದಿಕ್ಕನ್ನೇ ಬದಲಿಸಿದವು.

ಪನಾರ್ ಅವರು ಪ್ಯಾರಿಸ್ಸಿನಲ್ಲಿ ಪೆರಾನ್ ಎಂಬವರ ಪಾಲುದಾರರಾಗಿದ್ದರು. ಅವರ ಕಾರ್ಖಾನೆ ತಯಾರಿಸುತ್ತಿದ್ದದ್ದು ಮರ ಕೊಯ್ಯುವ ಯಂತ್ರಗಳನ್ನು, ಮುಖ್ಯವಾಗಿ ಬ್ಯಾಂಡ್ ಸಾ ಎಂದು ನಮ್ಮ ಸಾ ಮಿಲ್ಲುಗಳಲ್ಲಿ ಕರೆಯುವ ಪಟ್ಟಿ ಗರಗಸವನ್ನು. 1870ರ ದಶಕದ ಆರಂಭದಲ್ಲಿ ಲೆವಾಸೋರ್ ಅಲ್ಲಿಗೆ ಬಂದರು. 1886ರಲ್ಲಿ ಪೆರಾನ್ ತೀರಿಕೊಂಡ ಮೇಲೆ ಸಂಸ್ಥೆಯ ಹೆಸರು ಪನಾರ್-ಲೆವಾಸೋರ್ ಎಂದಾಯಿತು.

ಮರ ಕೊಯ್ಯುವ ಯಂತ್ರಕ್ಕೂ ಮೋಟಾರು ಕಾರಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ನೇರವಾದ ಸಂಬಂಧವೇ ಇದೆ. ಪಟ್ಟಿ ಗರಗಸದ ಅಲಗು ತೆಳ್ಳಗಿರುತ್ತದೆ, ಎರಡು ದೊಡ್ಡ ಗಾಲಿಗಳ ಮೇಲೆ ಬಿಗಿಯಾಗಿ, ವೇಗವಾಗಿ ಓಡುತ್ತಿರುತ್ತದೆ. ಗಾಲಿಗಳು ಕೂದಲೆಳೆಯಷ್ಟು ಓರೆಯಾದರೂ ಅಲಗು ಜಾರುತ್ತದೆ, ಇಲ್ಲವೆ ತುಂಡಾಗುತ್ತದೆ. ಬೇರಿಂಗು, ಶಾಫ್ಟು, ಬೆಲ್ಟುಗಳ ಜೋಡಣೆಯಲ್ಲಿ ಕರಾರುವಾಕ್ಕಾದ ಕೈ ಇಲ್ಲದವರು ಆ ಯಂತ್ರ ಮಾಡಲಾರರು. ಇಂಥ ಕೈಗಳಿದ್ದ ಕೆಲಸಗಾರರ ಪಡೆಯೇ ಲೆವಾಸೋರ್ ಅವರ ಬಳಿ ಇತ್ತು. ಪೆಟ್ರೋಲ್ ಎಂಜಿನ್ ಅವರ ಅಂಗಳಕ್ಕೆ ಬಂದಾಗ ಅದನ್ನು ಮಾಡಬಲ್ಲ ಕಾರ್ಖಾನೆ ಮೊದಲೇ ಸಿದ್ಧವಾಗಿತ್ತು.

ಲೂಯಿಸ್ ಅವರ ಪಾಲು

ಆ ಎಂಜಿನ್ ಬಂದದ್ದು ಒಬ್ಬ ಹೆಣ್ಣುಮಗಳ ದೃಢತೆಯಿಂದ. ಗೆಳೆಯ ಸರಾಜಾನ್ ಅವರು ಜರ್ಮನಿಯ ಗಾಟ್ಲೀಬ್ ಡೈಮ್ಲರ್ ಅವರ ಎಂಜಿನ್‌ಗೆ ಫ್ರಾನ್ಸಿನ ಪ್ರತಿನಿಧಿಯಾಗಿದ್ದರು. ಫ್ರಾನ್ಸಿನಲ್ಲೇ ಅದನ್ನು ತಯಾರಿಸುವ ಕೆಲಸ ಲೆವಾಸೋರ್ ಅವರಿಗೆ ಬಂದಿತ್ತು. ಮಾತು ಇನ್ನೂ ಗಟ್ಟಿಯಾಗುವ ಮೊದಲೇ, 1887ರ ಡಿಸೆಂಬರ್‌ನಲ್ಲಿ, ಸರಾಜಾನ್ ತೀರಿಕೊಂಡರು. ಸಾಯುವ ಮುನ್ನ ಅವರು ಹೆಂಡತಿ ಲೂಯಿಸ್ ಅವರಿಗೆ ಈ ವ್ಯವಹಾರವನ್ನು ಕೈಬಿಡಬೇಡ ಎಂದು ಹೇಳಿದ್ದರು.

ಗಂಡನನ್ನು ಕಳೆದುಕೊಂಡ ಕೆಲವೇ ವಾರಗಳಲ್ಲಿ ಲೂಯಿಸ್ ಡೈಮ್ಲರ್ ಅವರಿಗೆ ಪತ್ರ ಬರೆದರು. ತಾವೇ ಜರ್ಮನಿಯ ಕಾನ್‌ಸ್ಟಾಟ್‌ಗೆ ಹೋಗಿ ಅವರನ್ನು ಕಂಡರು. ಅವರ ಮಾತಿನಲ್ಲಿ, ವ್ಯವಹಾರ ಜ್ಞಾನದಲ್ಲಿ ಡೈಮ್ಲರ್‌ಗೆ ನಂಬಿಕೆ ಹುಟ್ಟಿತು. ಫ್ರಾನ್ಸಿನ ಹಕ್ಕು ಲೂಯಿಸ್ ಕೈಯಲ್ಲೇ ಉಳಿಯಿತು. ಹೆಂಗಸರು ಕಾರ್ಖಾನೆಯ ಕರಾರಿಗೆ ಕೂರುವುದನ್ನು ಸಮಾಜ ಊಹಿಸದಿದ್ದ ಕಾಲ ಅದು. 1890ರ ಮೇ ತಿಂಗಳಲ್ಲಿ ಲೂಯಿಸ್ ಮತ್ತು ಲೆವಾಸೋರ್ ಮದುವೆಯಾದರು. ಪನಾರ್-ಲೆವಾಸೋರ್ ಕಾರ್ಖಾನೆ ಡೈಮ್ಲರ್ ಎಂಜಿನ್ ತಯಾರಿಸತೊಡಗಿತು. ಅರ್ಮಾನ್ ಪ್ಯೂಜೊ ಅವರ ಮೊದಲ ಪೆಟ್ರೋಲ್ ಕಾರುಗಳಿಗೂ ಎಂಜಿನ್ ಹೋದದ್ದು ಇಲ್ಲಿಂದಲೇ. ಫ್ರಾನ್ಸಿನ ಕಾರು ಉದ್ಯಮದ ತಾಯಿಬೇರು ಎಲ್ಲಿದೆ ಎಂದು ಹುಡುಕಿದರೆ ನಾವು ಲೂಯಿಸ್ ಅವರ ಆ ಪ್ರಯಾಣಕ್ಕೆ ಬಂದು ನಿಲ್ಲುತ್ತೇವೆ. ಲೆವಾಸೋರ್ ಅವರನ್ನು ಗೌರವಿಸುವ ಯಾವ ಸಭೆಯಲ್ಲೂ ಈ ಹೆಸರನ್ನು ಬಿಡಬಾರದು.

ಎಂಜಿನ್‌ಗೆ ಜಾಗ ಎಲ್ಲಿ?

ಎಂಜಿನ್ ಸಿಕ್ಕಿತು. ಅದನ್ನು ಗಾಡಿಯಲ್ಲಿ ಎಲ್ಲಿಡಬೇಕು? ಬೆಂಜ್, ಡೈಮ್ಲರ್ ಇಬ್ಬರೂ ಎಂಜಿನ್ನನ್ನು ಸೀಟಿನ ಕೆಳಗೋ ಹಿಂದೋ ಇಟ್ಟರು. ಅವರ ಕಣ್ಣ ಮುಂದೆ ಇದ್ದದ್ದು ಕುದುರೆ ಗಾಡಿ. ಕುದುರೆ ಕಟ್ಟುವ ಮೂಕಿಯನ್ನು ತೆಗೆದು, ಉಳಿದ ಗಾಡಿಯಲ್ಲಿ ಎಲ್ಲಾದರೂ ಎಂಜಿನ್‌ಗೆ ಜಾಗ ಮಾಡುವುದು ಸಹಜವಾಗಿ ಹೊಳೆಯುವ ದಾರಿ. ಲೆವಾಸೋರ್ ಕೂಡ ಮೊದಲು ಹಾಗೆಯೇ ಮಾಡಿ ನೋಡಿದರು. ನಡುವೆ ಎಂಜಿನ್, ಅದರ ಎರಡು ಬದಿಗೆ ಬೆನ್ನಿಗೆ ಬೆನ್ನು ಕೊಟ್ಟ ಸೀಟುಗಳು. ಕೂತವರಿಗೆ ಅದುರು, ಕಾವು, ವಾಸನೆ. ರಿಪೇರಿಗೆ ಕೈ ಹಾಕಲು ಜಾಗವಿಲ್ಲ.

1891ರಲ್ಲಿ ಅವರು ಎಂಜಿನ್ನನ್ನು ಮುಂದಕ್ಕೆ ತಂದು, ನೆಟ್ಟಗೆ ನಿಲ್ಲಿಸಿ, ಮೇಲೊಂದು ಬಾನೆಟ್ ಮುಚ್ಚಿದರು. ಇದರಿಂದ ಒಂದೇ ಏಟಿಗೆ ಹಲವು ತೊಡಕುಗಳು ಬಿಡಿಸಿಕೊಂಡವು. ಎಂಜಿನ್ನಿನ ಭಾರ ಮುಂದಿನ ಚಕ್ರಗಳ ಮೇಲೆ ಬಿತ್ತು. ತಿರುಗಿಸಿದಾಗ ಆ ಚಕ್ರಗಳು ನೆಲವನ್ನು ಕಚ್ಚಿ ಹಿಡಿದವು. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ ಹೆಚ್ಚಿ ಗಾಡಿಯ ಓಲಾಟ ಕಡಿಮೆಯಾಯಿತು. ಬಾನೆಟ್ ಎತ್ತಿದರೆ ಎಂಜಿನ್ ಕಣ್ಣಿಗೂ ಕೈಗೂ ಸಿಗುತ್ತಿತ್ತು. ಎಂಜಿನ್, ಕ್ಲಚ್, ಗೇರುಗಳು ಉದ್ದಕ್ಕೆ ಒಂದೇ ಸಾಲಿನಲ್ಲಿ ನಿಂತು, ಅಲ್ಲಿಂದ ಶಕ್ತಿ ಚೈನಿನ ಮೂಲಕ ಹಿಂದಿನ ಚಕ್ರಗಳಿಗೆ ಹೋಯಿತು. ಈ ಕ್ರಮಕ್ಕೆ ಪನಾರ್ ಪದ್ಧತಿ ಎಂಬ ಹೆಸರು ನಿಂತಿತು.

ಇಲ್ಲಿ ಹೊಸ ಭಾಗ ಯಾವುದೂ ಇಲ್ಲವಲ್ಲ ಎಂದು ಕೆಲವರಿಗೆ ಅನ್ನಿಸಬಹುದು. ಎಂಜಿನ್ ಡೈಮ್ಲರ್ ಅವರದು, ಹಲ್ಲುಗಾಲಿ ಹಳೆಯ ಕಾಲದ್ದು, ಚೈನು ಸೈಕಲ್ಲಿನಲ್ಲೂ ಇತ್ತು. ಆದರೆ ಯಾವುದನ್ನು ಎಲ್ಲಿಡಬೇಕು, ಯಾವುದರ ಪಕ್ಕ ಯಾವುದು ಬರಬೇಕು ಎಂದು ನಿರ್ಧರಿಸುವುದೂ ಆವಿಷ್ಕಾರವೇ. ಕುದುರೆಯಿಲ್ಲದ ಗಾಡಿ ಹೋಗಿ ಕಾರು ಎಂಬ ಬೇರೆಯೇ ವಾಹನ ಬಂದದ್ದು ಆ ನಿರ್ಧಾರದಿಂದ. ನಮ್ಮ ರಸ್ತೆಗಳಲ್ಲಿ ದಶಕಗಟ್ಟಲೆ ಓಡಿದ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಜೀಪುಗಳೆಲ್ಲ ಇದೇ ಕ್ರಮದವು. ಚೈನಿನ ಜಾಗಕ್ಕೆ ಪ್ರೊಪೆಲ್ಲರ್ ಶಾಫ್ಟ್ ಬಂದಿತ್ತು, ಅಷ್ಟೇ.

ಗೇರುಗಳ ವಿಷಯವನ್ನು ಸ್ವಲ್ಪ ನಿಂತು ನೋಡೋಣ. ಆ ಕಾಲದ ಪೆಟ್ರೋಲ್ ಎಂಜಿನ್ ಒಂದೇ ಹದದ ವೇಗದಲ್ಲಿ ತಿರುಗಲು ಇಷ್ಟಪಡುತ್ತಿತ್ತು. ದಿಣ್ಣೆ ಹತ್ತುವಾಗಲೂ ಬಯಲಲ್ಲಿ ಓಡುವಾಗಲೂ ಎಂಜಿನ್ನಿನ ತಿರುಗು ಅಷ್ಟೇ ಇರಬೇಕು, ಚಕ್ರದ ವೇಗ ಮಾತ್ರ ಬದಲಾಗಬೇಕು. ಲೆವಾಸೋರ್ ಒಂದು ಶಾಫ್ಟಿನ ಮೇಲೆ ಬೇರೆ ಬೇರೆ ಅಳತೆಯ ಹಲ್ಲುಗಾಲಿಗಳನ್ನಿಟ್ಟು, ಅವುಗಳನ್ನು ಪಕ್ಕಕ್ಕೆ ಜರುಗಿಸಿ ಇನ್ನೊಂದು ಶಾಫ್ಟಿನ ಹಲ್ಲುಗಾಲಿಗಳಿಗೆ ಕೂಡಿಸಿದರು. ಮೊದಲ ಕಾರುಗಳಲ್ಲಿ ಇವಕ್ಕೆ ಪೆಟ್ಟಿಗೆಯೂ ಇರಲಿಲ್ಲ, ಬಯಲಲ್ಲೇ ಧೂಳು ಕುಡಿಯುತ್ತ ತಿರುಗುತ್ತಿದ್ದವು. ಗೇರು ಬದಲಿಸುವಾಗ ಕರ್ಕಶ ಸದ್ದು ಏಳುತ್ತಿತ್ತು. ಒರಟು ನಿಜ, ಆದರೆ ಕೆಲಸ ಮಾಡುತ್ತದೆ ಎಂಬ ಅರ್ಥದ ಮಾತನ್ನು ಅವರು ಇದರ ಬಗ್ಗೆ ಆಡಿದರೆಂದು ಹೇಳುತ್ತಾರೆ. ನಮ್ಮ ಹಿರಿಯ ಲಾರಿ ಚಾಲಕರನ್ನು ಕೇಳಿ. ಹಲ್ಲುಗಾಲಿಗಳ ವೇಗವನ್ನು ತಾನೇ ಹೊಂದಿಸುವ ಸಿಂಕ್ರೊಮೆಷ್ ಇಲ್ಲದ ಗೇರ್‌ಬಾಕ್ಸಿನಲ್ಲಿ ಎರಡು ಸಲ ಕ್ಲಚ್ ತುಳಿದು, ಎಂಜಿನ್ನಿನ ದನಿ ಕೇಳಿ, ಹದ ನೋಡಿ ಗೇರು ಹಾಕುತ್ತಿದ್ದ ಡಬಲ್ ಕ್ಲಚ್ಚಿನ ವಿದ್ಯೆಯನ್ನು ಅವರು ವಿವರಿಸುತ್ತಾರೆ. ಅವರು ಪಳಗಿಸುತ್ತಿದ್ದದ್ದು ಲೆವಾಸೋರ್ ಬಿಟ್ಟುಹೋದ ಆ ಒರಟುತನವನ್ನೇ.

ರಸ್ತೆಯೇ ಪರೀಕ್ಷಾಲಯ

ತಾವು ಮಾಡಿದ್ದನ್ನು ಲೆವಾಸೋರ್ ಮೊದಲಿನಿಂದಲೂ ತಾವೇ ಓಡಿಸಿ ನೋಡುತ್ತಿದ್ದರು. 1891ರ ಬೇಸಿಗೆಯಲ್ಲಿ ಪ್ಯಾರಿಸ್ಸಿನಿಂದ ಕಡಲ ತೀರದ ಎತ್ರೆತಾ ಊರಿನವರೆಗೆ, 200 ಕಿಲೋಮೀಟರಿಗೂ ಹೆಚ್ಚು ದೂರ ಕಾರಿನಲ್ಲಿ ಹೋದರು. 1894ರ ಜುಲೈ 22ರಂದು ‘ಲ ಪೆತಿ ಜುರ್ನಾಲ್’ ಪತ್ರಿಕೆ ಪ್ಯಾರಿಸ್ಸಿನಿಂದ ರೂಆನ್‌ವರೆಗೆ ಕುದುರೆಯಿಲ್ಲದ ಗಾಡಿಗಳ ಸ್ಪರ್ಧೆ ಏರ್ಪಡಿಸಿತು. ಅಲ್ಲಿ ವೇಗವೊಂದೇ ಮುಖ್ಯವಾಗಿರಲಿಲ್ಲ. ಅಪಾಯವಿಲ್ಲದ, ಸುಲಭವಾಗಿ ನಡೆಸಬಹುದಾದ, ಖರ್ಚು ಕಡಿಮೆಯ ಗಾಡಿಗೆ ಬಹುಮಾನ. ಮೊದಲು ತಲುಪಿದ್ದು ದ ದಿಯೋಂ ಅವರ ಉಗಿಬಂಡಿಯಾದರೂ ಮೊದಲ ಬಹುಮಾನವನ್ನು ಪ್ಯೂಜೊ ಮತ್ತು ಪನಾರ್-ಲೆವಾಸೋರ್ ಸಂಸ್ಥೆಗಳು ಹಂಚಿಕೊಂಡವು. ಎರಡರ ಕಾರಿನಲ್ಲೂ ಇದ್ದದ್ದು ಲೆವಾಸೋರ್ ಕಾರ್ಖಾನೆಯ ಎಂಜಿನ್.

ಮರುವರ್ಷ ನಡೆದದ್ದು ನಿಜವಾದ ಓಟ. ಪ್ಯಾರಿಸ್ಸಿನಿಂದ ಬೋರ್ಡೋ, ಮತ್ತೆ ಪ್ಯಾರಿಸ್. 1,178 ಕಿಲೋಮೀಟರ್. 100 ಗಂಟೆಯೊಳಗೆ ಮುಗಿಸಬೇಕು. 1895ರ ಜೂನ್ 11ರ ಮಧ್ಯಾಹ್ನ ವರ್ಸೇಲ್ಸ್‌ನಿಂದ ಗಾಡಿಗಳು ಒಂದೊಂದಾಗಿ ಹೊರಟವು. ಉಗಿಯವು, ಪೆಟ್ರೋಲಿನವು, ವಿದ್ಯುತ್ತಿನದೂ ಒಂದು.

ಲೆವಾಸೋರ್ ಅವರ ಕಾರಿನ ಸಂಖ್ಯೆ 5. ಎರಡೇ ಸೀಟು. ಎರಡು ಸಿಲಿಂಡರಿನ ಫೀನಿಕ್ಸ್ ಎಂಜಿನ್ನಿನ ಶಕ್ತಿ ಸುಮಾರು 4 ಅಶ್ವಶಕ್ತಿ. ನಿಮ್ಮಲ್ಲಿ ಹೆಚ್ಚಿನವರು ಹೊರಗೆ ನಿಲ್ಲಿಸಿ ಬಂದಿರುವ ಸ್ಕೂಟರಿನಲ್ಲಿ ಅದಕ್ಕಿಂತ ಹೆಚ್ಚು ಶಕ್ತಿ ಇದೆ. ಸ್ಪಾರ್ಕ್ ಪ್ಲಗ್ ಇರಲಿಲ್ಲ. ಸಿಲಿಂಡರಿಗೆ ಸೇರಿಸಿದ ಪ್ಲಾಟಿನಂ ಕೊಳವೆಯನ್ನು ಬರ್ನರಿನ ಉರಿ ಕೆಂಪಗೆ ಕಾಯಿಸುತ್ತಿತ್ತು, ಆ ಕಾವಿಗೆ ಪೆಟ್ರೋಲ್ ಹೊತ್ತಿಕೊಳ್ಳುತ್ತಿತ್ತು. ಸ್ಟೀರಿಂಗ್ ಚಕ್ರವೂ ಇಲ್ಲ, ದೋಣಿಯ ಚುಕ್ಕಾಣಿಯಂಥ ಹಿಡಿಕೋಲು. ಟಯರಿಗೆ ಗಾಳಿಯಿಲ್ಲ, ಗಟ್ಟಿ ರಬ್ಬರ್. ಮುಂದೆ ಗಾಜಿಲ್ಲ, ಮೇಲೆ ಮುಚ್ಚಿಗೆಯಿಲ್ಲ. ರಸ್ತೆಯ ಪ್ರತಿಯೊಂದು ಕಲ್ಲು ಆ ಹಿಡಿಕೋಲಿನ ಮೂಲಕ ಚಾಲಕನ ತೋಳಿಗೆ ತಾಗುತ್ತಿತ್ತು. ಪಕ್ಕದಲ್ಲಿ ಮೆಕ್ಯಾನಿಕ್ ಶಾರ್ಲ್ ದೊಸ್ತಾಂಗ್ ಕೂತಿದ್ದರು. ಆಗ ಲೆವಾಸೋರ್ ಅವರಿಗೆ 52 ವರ್ಷ.

ಯೋಜನೆಯ ಪ್ರಕಾರ ರುಫೆಕ್ ಎಂಬ ಊರಿನಲ್ಲಿ ಬದಲಿ ಚಾಲಕ ಕಾರನ್ನು ವಹಿಸಿಕೊಳ್ಳಬೇಕಿತ್ತು. ಲೆವಾಸೋರ್ ಅಂದುಕೊಂಡಿದ್ದಕ್ಕಿಂತ ಎಷ್ಟೋ ಗಂಟೆ ಮೊದಲೇ, ಬೆಳಗಿನ ಜಾವ ಸುಮಾರು ಮೂರೂವರೆಗೆ, ರುಫೆಕ್ ತಲುಪಿಬಿಟ್ಟರು. ಬದಲಿ ಚಾಲಕ ಇನ್ನೂ ನಿದ್ದೆಯಲ್ಲಿದ್ದರು. ಅವರನ್ನು ಕಾಯುತ್ತ ಕೂರದೆ ಲೆವಾಸೋರ್ ಮುಂದೆ ಹೊರಟರು. ಬೆಳಿಗ್ಗೆ 10 ಗಂಟೆ 40 ನಿಮಿಷಕ್ಕೆ ಬೋರ್ಡೋ. ಅಲ್ಲಿಂದ ಹಿಂದಿರುಗಿ ಮತ್ತೆ ರುಫೆಕ್‌ಗೆ ಬಂದಾಗಲೂ ಚುಕ್ಕಾಣಿಯನ್ನು ಬಿಟ್ಟುಕೊಡಲಿಲ್ಲ. ಇಡೀ ದಾರಿಯಲ್ಲಿ ಅವರ ಅತಿ ದೀರ್ಘ ನಿಲುಗಡೆ 22 ನಿಮಿಷ. ಜೂನ್ 13ರ ಮಧ್ಯಾಹ್ನ ಪ್ಯಾರಿಸ್ಸಿನ ಪೋರ್ತ್ ಮಾಯೋ ಬಾಗಿಲಿಗೆ ಬಂದು ನಿಂತಾಗ ಆಗಿದ್ದ ಹೊತ್ತು 48 ಗಂಟೆ 48 ನಿಮಿಷ.

ಸರಾಸರಿ ವೇಗ ಗಂಟೆಗೆ ಸುಮಾರು 24 ಕಿಲೋಮೀಟರ್. ಇಂದು ಹಳ್ಳಿಯ ಬಸ್ಸೂ ಇದಕ್ಕಿಂತ ಬೇಗ ಹೋಗುತ್ತದೆ. ಆದರೆ ಆ ದಿನ ಸಾಬೀತಾದದ್ದು ವೇಗವಲ್ಲ, ಬಾಳಿಕೆ. ಕುದುರೆಗೆ ದಣಿವಾಗುತ್ತದೆ, ಹಂತಹಂತಕ್ಕೆ ಬದಲಿಸಬೇಕು. ಒಂದೇ ಎಂಜಿನ್, ಒಂದೇ ಜೊತೆ ಗೇರುಗಳು, ಒಬ್ಬನೇ ಚಾಲಕ ಎರಡು ದಿನ ಬಿಡದೆ ದುಡಿಯಬಹುದು ಎಂಬುದನ್ನು ಜಗತ್ತು ಮೊದಲ ಬಾರಿಗೆ ಕಂಡಿತು. ಎರಡನೆಯದಾಗಿ ಬಂದ ಪ್ಯೂಜೊ ಕಾರು ಸುಮಾರು ಆರು ಗಂಟೆ ಹಿಂದಿತ್ತು. ಗುರಿ ಮುಟ್ಟಿದ ಒಂಬತ್ತು ಗಾಡಿಗಳಲ್ಲಿ ಉಗಿಯದು ಒಂದೇ. ಮುಂದಿನ ಕಾಲ ಪೆಟ್ರೋಲಿನದು ಎಂಬ ತೀರ್ಪನ್ನು ರಸ್ತೆಯೇ ಬರೆದುಕೊಟ್ಟಿತು. ಅದೇ ಓಟದಲ್ಲಿ ಮಿಶೆಲಿನ್ ಸಹೋದರರು ಗಾಳಿ ತುಂಬಿದ ಟಯರಿನ ಕಾರು ತಂದಿದ್ದರು. ಮತ್ತೆ ಮತ್ತೆ ಪಂಚರಾಗಿ 100 ಗಂಟೆಯ ಗಡುವು ದಾಟಿತು. ಆದರೂ ಅವರು ಕೈಬಿಡಲಿಲ್ಲ. ಸೋತವರೂ ಆ ದಾರಿಯಿಂದ ಪಾಠ ಹೊತ್ತು ಮನೆಗೆ ಹೋದರು.

ಬಹುಮಾನ ಮತ್ತು ಮರ್ಯಾದೆ

ಮೊದಲ ಬಹುಮಾನ 31,500 ಫ್ರಾಂಕ್ ಲೆವಾಸೋರ್ ಅವರಿಗೆ ಸಿಗಲಿಲ್ಲ. ನಾಲ್ಕು ಸೀಟಿನ ಗಾಡಿಗೆ ಮಾತ್ರ ಅದು ಎಂದು ನಿಯಮದಲ್ಲಿತ್ತು. ಅವರಿಗಿಂತ 11 ಗಂಟೆ ತಡವಾಗಿ ಬಂದ, ಕೇಕ್ಲಾನ್ ಅವರು ಓಡಿಸಿದ ನಾಲ್ಕು ಸೀಟಿನ ಪ್ಯೂಜೊ ಕಾರಿಗೆ ಅದು ಹೋಯಿತು. ಲೆವಾಸೋರ್ ಅವರಿಗೆ ಎರಡನೆಯ ಬಹುಮಾನ, 12,600 ಫ್ರಾಂಕ್. ಇದನ್ನು ಅನ್ಯಾಯವೆಂದು ನಾನು ಹೇಳಲಾರೆ. ಜನರನ್ನು ಸಾಗಿಸುವ ಗಾಡಿಯನ್ನು ಪ್ರೋತ್ಸಾಹಿಸುವುದು ಸಂಘಟಕರ ಉದ್ದೇಶವಾಗಿತ್ತು. ಆದರೆ ಆ ಓಟದ ಹೆಸರು ಬಂದಾಗ 130 ವರ್ಷಗಳಿಂದ ಜನ ನೆನೆಯುವುದು ಲೆವಾಸೋರ್ ಅವರನ್ನೇ. ಬಹುಮಾನವನ್ನು ನಿಯಮ ಕೊಡುತ್ತದೆ, ಮರ್ಯಾದೆಯನ್ನು ಕೆಲಸ ಕೊಡುತ್ತದೆ.

1896ರಲ್ಲಿ ಪ್ಯಾರಿಸ್-ಮಾರ್ಸೇ-ಪ್ಯಾರಿಸ್ ಓಟ ನಡೆಯಿತು. ದೂರ 1,700 ಕಿಲೋಮೀಟರಿಗೂ ಹೆಚ್ಚು. ದಕ್ಷಿಣದ ದಾರಿಯಲ್ಲಿ ಅಡ್ಡ ಬಂದ ನಾಯಿಯೊಂದರಿಂದಾಗಿ ಲೆವಾಸೋರ್ ಅವರ ಕಾರು ಮಗುಚಿತು. ಪೆಟ್ಟಾದ ಅವರ ಬದಲು ದೊಸ್ತಾಂಗ್ ಕಾರನ್ನು ಮುಂದಕ್ಕೆ ಒಯ್ದರು. ಆ ಓಟವನ್ನು ಗೆದ್ದದ್ದೂ ಪನಾರ್-ಲೆವಾಸೋರ್ ಕಾರೇ, ಓಡಿಸಿದವರು ಮೇಯಾದ್. ಲೆವಾಸೋರ್ ಮಾತ್ರ ಮತ್ತೆ ಮೊದಲಿನಂತಾಗಲಿಲ್ಲ. 1897ರ ಏಪ್ರಿಲ್ 14ರಂದು, ತಮ್ಮ ಕೆಲಸದ ನಡುವೆಯೇ, ತೀರಿಕೊಂಡರು. ವಯಸ್ಸು 54.

ಪೋರ್ತ್ ಮಾಯೋದಲ್ಲಿ, ಅವರು ಗುರಿ ಮುಟ್ಟಿದ ಜಾಗದಲ್ಲೇ, ಸ್ಮಾರಕ ಕಟ್ಟಬೇಕೆಂದು ಅಭಿಮಾನಿಗಳು ಮುಂದೆ ಬಂದರು. ವಿನ್ಯಾಸ ಮಾಡಿದವರು ಹೆಸರಾಂತ ಶಿಲ್ಪಿ ಜೂಲ್ ದಾಲೂ. ಅವರು 1902ರಲ್ಲಿ ತೀರಿಕೊಂಡ ಮೇಲೆ ಕಮೀಲ್ ಲೆಫೆವ್ರ್ ಕೆಲಸ ಪೂರೈಸಿದರು. 1907ರಲ್ಲಿ ಸ್ಮಾರಕ ಅನಾವರಣಗೊಂಡಿತು. ಅಮೃತಶಿಲೆಯ ಕಮಾನು, ಅದರೊಳಗಿಂದ ನೋಡುವವರತ್ತ ನುಗ್ಗಿ ಬರುವ ಕಾರು, ಅದರಲ್ಲಿ ಲೆವಾಸೋರ್, ಸುತ್ತ ಹರ್ಷದಿಂದ ಕೂಗುವ ಜನ. ವೀರರನ್ನು ಕುದುರೆಯ ಮೇಲೆ ಕೂರಿಸುವುದು ಆವರೆಗಿನ ಶಿಲ್ಪಿಗಳ ರೂಢಿ. ಒಬ್ಬ ಎಂಜಿನಿಯರನ್ನು ಅವನೇ ಮಾಡಿದ ಯಂತ್ರದ ಮೇಲೆ ಕೂರಿಸಿ ಕಲ್ಲಿನಲ್ಲಿ ಕಡೆದದ್ದು ಹೊಸ ಬಗೆಯ ಗೌರವ. ಅದು ಸರಿಯಾದ ಗೌರವವೂ ಹೌದು. ಅವರನ್ನು ಕಾರಿನಿಂದ ಬೇರ್ಪಡಿಸಿ ತೋರಿಸಿದ್ದರೆ ಅರ್ಧ ಲೆವಾಸೋರ್ ಮಾತ್ರ ಕಾಣುತ್ತಿದ್ದರು.

ವೇಗದ ಬಗ್ಗೆ ಒಂದು ಮಾತು

ಈ ಗೌರವ ವೇಗದ ಆರಾಧನೆ ಆಗಬಾರದು. ಸಾರ್ವಜನಿಕ ರಸ್ತೆಗಳ ಓಟ ಮುಂದಿನ ವರ್ಷಗಳಲ್ಲಿ ಹಲವರ ಜೀವ ತೆಗೆಯಿತು. 1903ರ ಪ್ಯಾರಿಸ್-ಮ್ಯಾಡ್ರಿಡ್ ಓಟದಲ್ಲಿ ಮಾರ್ಸೆಲ್ ರೆನೊ ಸೇರಿ ಚಾಲಕರೂ ದಾರಿಬದಿಯ ಜನರೂ ಸತ್ತಾಗ ಫ್ರಾನ್ಸ್ ಸರ್ಕಾರ ಅದನ್ನು ಬೋರ್ಡೋದಲ್ಲೇ ನಿಲ್ಲಿಸಿತು. ಓಟ ಮುಚ್ಚಿದ ಟ್ರ್ಯಾಕಿಗೆ ಹೋಗಬೇಕಾದದ್ದು ನ್ಯಾಯವೇ. ನಮ್ಮ ಹೆದ್ದಾರಿಗಳಲ್ಲಿ ದಿನವೂ ಮಕ್ಕಳನ್ನು ಕಳೆದುಕೊಳ್ಳುತ್ತಿರುವ ತಂದೆತಾಯಿಯರ ಮುಂದೆ ನಿಂತು ವೇಗವನ್ನು ಹೊಗಳಲು ನನಗೆ ಮನಸ್ಸಿಲ್ಲ. ಲೆವಾಸೋರ್ ಅವರಿಂದ ನಾವು ಕಲಿಯಬೇಕಾದದ್ದು ಬೇರೆ.

ತಾನು ಬರೆದ ಗೇರು ದಿಣ್ಣೆಯಲ್ಲಿ ಜಾರಿದರೆ ತನ್ನದೇ ಮೈ ಉರುಳುತ್ತದೆ ಎಂದು ಗೊತ್ತಿದ್ದ ಮನುಷ್ಯ ಅವರು. ಗೊತ್ತಿದ್ದೂ ಕೂತರು. ಕೂತದ್ದರಿಂದಲೇ ಯಾವ ಬೋಲ್ಟು ಸಡಿಲವಾಗುತ್ತದೆ, ಯಾವ ಬೇರಿಂಗು ಕಾಯುತ್ತದೆ, ಹಿಡಿಕೋಲು ಎಷ್ಟು ಹೊತ್ತಿಗೆ ತೋಳನ್ನು ಸೋಲಿಸುತ್ತದೆ ಎಂಬುದು ಅವರಿಗೆ ವರದಿಯಿಂದಲ್ಲ, ಮೈಯಿಂದ ತಿಳಿಯಿತು. ತಯಾರಿಸುವವನಿಗೂ ಬಳಸುವವನಿಗೂ ನಡುವೆ ಅಂತರ ಬೆಳೆದಷ್ಟೂ ಯಂತ್ರ ಕೆಡುತ್ತದೆ, ಬಳಸುವವನು ಬಳಲುತ್ತಾನೆ.

ಇಂದು ಕಾರುಗಳ ನಕ್ಷೆ ಬರೆಯುವ ದೊಡ್ಡ ಕೆಲಸ ನಮ್ಮ ನಡುವೆಯೇ ನಡೆಯುತ್ತಿದೆ. ಡೈಮ್ಲರ್ ಪರಂಪರೆಯ ಮರ್ಸಿಡಿಸ್-ಬೆಂಜ್ ಸಂಸ್ಥೆಯ ಸಂಶೋಧನಾ ಕೇಂದ್ರ ಬೆಂಗಳೂರಿನಲ್ಲಿದೆ. ಸಾವಿರಾರು ಕನ್ನಡದ ಹುಡುಗ ಹುಡುಗಿಯರು ಬ್ರೇಕು, ಸೀಟು, ಬ್ಯಾಟರಿ, ಸಾಫ್ಟ್‌ವೇರ್‌ಗಳನ್ನು ಪರದೆಯ ಮೇಲೆ ಬರೆಯುತ್ತಿದ್ದಾರೆ. ಅವರಲ್ಲಿ ಎಷ್ಟೋ ಜನರಿಗೆ ತಾವು ಬರೆದ ಭಾಗವನ್ನು ಕೈಯಲ್ಲಿ ಹಿಡಿದು ನೋಡುವ ಅವಕಾಶವೇ ಸಿಗುವುದಿಲ್ಲ. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ವರ್ಕ್‌ಶಾಪ್ ತರಗತಿ ಅಂಕಕ್ಕಾಗಿ ಮುಗಿಸುವ ಶಾಸ್ತ್ರವಾಗಿದೆ. ಇದು ಬದಲಾಗಬೇಕು. ಬಸ್ಸಿನ ಸೀಟನ್ನು ವಿನ್ಯಾಸ ಮಾಡುವವರು ಆ ಬಸ್ಸಿನಲ್ಲಿ ರಾತ್ರಿಯಿಡೀ ಪ್ರಯಾಣಿಸಲಿ. ಟ್ರ್ಯಾಕ್ಟರಿನ ಲಿವರನ್ನು ಬರೆಯುವವರು ಗದ್ದೆಯಲ್ಲಿ ಒಂದು ದಿನ ಅದನ್ನು ಎಳೆದು ನೋಡಲಿ. ಗಾಲಿಕುರ್ಚಿ ಮಾಡುವವರು ಅದರಲ್ಲಿ ಕೂತು ನಮ್ಮ ಫುಟ್‌ಪಾತು ಏರಲಿ. ಹಾಗೆಯೇ ದೊಸ್ತಾಂಗ್ ಅವರಂಥ ಮೆಕ್ಯಾನಿಕ್ಕುಗಳನ್ನು, ನಮ್ಮ ಗ್ಯಾರೇಜುಗಳ ಅಣ್ಣಂದಿರನ್ನು, ಎಂಜಿನಿಯರುಗಳು ತಮ್ಮ ಪಕ್ಕದ ಸೀಟಿನಲ್ಲಿ ಕೂರಿಸಿಕೊಳ್ಳಲಿ. ಯಂತ್ರದ ಕಾಯಿಲೆ ಮೊದಲು ಗೊತ್ತಾಗುವುದು ಅವರ ಕಿವಿಗೆ.

ಈ ಸಭೆಯಲ್ಲಿರುವ ವಿದ್ಯಾರ್ಥಿಗಳಿಗೆ ನನ್ನ ಬೇಡಿಕೆ ಇಷ್ಟೇ: ನೀವು ಏನನ್ನೇ ಮಾಡಿ, ಮೊದಲ ಬಳಕೆದಾರರು ನೀವೇ ಆಗಿ. ಅದರ ತೊಂದರೆ ಮೊದಲು ನಿಮಗೇ ತಾಗಲಿ, ಆಮೇಲೆ ಅದು ಊರಿಗೆ ಹೋಗಲಿ. ಎಮಿಲ್ ಲೆವಾಸೋರ್ ಅವರಿಗೆ ನಾವು ಸಲ್ಲಿಸಬಹುದಾದ ಗೌರವ ಇದೇ ಎಂದು ನಾನು ನಂಬಿದ್ದೇನೆ.